ಪಸ್ತಾಪುರದ ಬಳಿ ಕೇಳಿದ ಸಪ್ಪಳ

ಸೋಮವಾರ ಬೆಳಿಗ್ಗೆ ಮಂಗಲಾ ತಾಂಡೂರು ಠಾಣೆಗೆ ಬಂದು ದೂರು ಕೊಟ್ಟಳು. ಶುಕ್ರವಾರ ಕೆಲಸಕ್ಕೆ ಹೋದ ಗಂಡ ಬೀರಣ್ಣ ಮನೆಗೆ ಬಂದಿಲ್ಲ. ಫೋನ್ ಮನೆಯಲ್ಲೇ ಬಿಟ್ಟಿದ್ದ. ನಾಗಲಗಿದ್ದದಲ್ಲಿ ಅವನ ತಾಯಿಗೆ ಹುಷಾರಿರಲಿಲ್ಲ, ಅಲ್ಲಿಗೇ ಹೋಗಿರಬೇಕೆಂದು ಅವಳು ಕಾದಿದ್ದಳು. ಅಲ್ಲಿಗೂ ಹೋಗಿರಲಿಲ್ಲ. ಇನ್ಸ್‌ಪೆಕ್ಟರ್ ಸೋಮಶೇಖರ ಎಫ್‌ಐಆರ್ ದಾಖಲಿಸಿ, ಅವಳನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೊರಟ.

ಬೀರಣ್ಣ ವಿದೇಶಕ್ಕೆ ನೆಲಕ್ಕೆ ಹಾಸುವ ಫರಶಿ ಕಲ್ಲು ಕಳಿಸುವ ಕಂಪನಿಯಲ್ಲಿ ಕಂಟೇನರ್ ತುಂಬುತ್ತಿದ್ದ. ಅಲ್ಲಿಯ ಸೂಪರ್‌ವೈಸರ್ ಮುಕುಂದ ಕುರ್ಚಿ ಹಾಕಿಸಿದ.

"ಪಗಾರ ಆದ ಮ್ಯಾಲ ಇವರು ಹೇಳಿ ಹೋಗ್ತಾರೇನ್ರಿ, ಸಾಹೇಬ? ಸೇಂದಿ ಅಂಗಡ್ಯಾಗ ಹುಡುಕ್ರಿ."

ಮಂಗಲಾ ಕಂಟೇನರ್ ನಿಲ್ಲುವ ಕಟ್ಟೆಯ ಬುಡವನ್ನೇ ನೋಡುತ್ತಿದ್ದಳು. ಅಲ್ಲಿ ಬಾರಿಗೆ ತಂತಿ ಸುತ್ತಿದ ಒಂದು ಜೊತೆ ಚಪ್ಪಲಿ ಇತ್ತು.

"ಇವು ಬಿಟ್ಟು ಎಲ್ಲಿ ಹೋಗ್ತಾರ್ರಿ ಅವರು?"

ಕಂಟೇನರಿನೊಳಗೆ ಮಣ್ಣು ಕಂಡರೆ ಹೊರದೇಶದವರು ಸರಕು ತಿರುಗಿಸಿ ಕಳಿಸುತ್ತಾರೆ. ಅದಕ್ಕೇ ತುಂಬುವವರು ಚಪ್ಪಲಿ ಕಳಚಿಟ್ಟು ಒಳಗೆ ಹೋಗಬೇಕು. ಹೆಡ್ ಕಾನ್‌ಸ್ಟೇಬಲ್ ಪೋಚಪ್ಪ ಪಂಚನಾಮೆ ಬರೆದ. ಶುಕ್ರವಾರ ಅಲ್ಲಿಂದ ಹೊರಟದ್ದು ಒಂದೇ ಕಂಟೇನರ್.

ಅದಕ್ಕೆ ಸೀಲ್ ಹಾಕಿದವನು ಮುಕುಂದ. ಕಂಪನಿಗೆ ಕಸ್ಟಮ್ಸ್‌ನಿಂದ ನಂಬಿಕಸ್ಥ ರಫ್ತುದಾರರೆಂಬ ಮಾನ್ಯತೆ ಸಿಕ್ಕಿತ್ತು. ಸೀಲ್ ಹಾಕಲು ಅಧಿಕಾರಿ ಬರಬೇಕಿಲ್ಲ. ಬಂದರಿನ ಗೇಟಿನಲ್ಲಿ ಯಂತ್ರವೇ ಸೀಲನ್ನು ಓದಿ ಒಳಗೆ ಬಿಡುತ್ತದೆ. ಯಾರೂ ತೆರೆದು ನೋಡುವುದಿಲ್ಲ.

ಅದನ್ನು ಬಂದರಿಗೆ ಒಯ್ದಿದ್ದ ಲಾರಿ ಚಾಲಕ ದೇವಿದಾಸ ಜಹೀರಾಬಾದಿನಲ್ಲಿ ಸಿಕ್ಕ.

"ಪಸ್ತಾಪುರ ಹತ್ರ ಒಳಗ ಬಡದಂಗ ಸಪ್ಪಳ ಬಂತ್ರಿ. ಗಾಡಿ ನಿಲ್ಲಿಸಿ ಮುಕುಂದ ಸಾಹೇಬರಿಗಿ ಫೋನ್ ಹಚ್ಚಿದೆ."

"ಏನಂದ?"

"ಫರಶಿ ಸರದಾಡ್ತಾವ, ಸೀಲ್ ಮುಟ್ಟಬ್ಯಾಡ ಅಂದ್ರು."

"ನಿನಗೇನನಿಸ್ತು?"

ಅವನು ತಲೆ ತಗ್ಗಿಸಿದ. "ನಿಂತ ಗಾಡ್ಯಾಗ ಫರಶಿ ಬಡಿಯಂಗಿಲ್ರಿ."

ಸೋಮಶೇಖರ ಮುಂಬೈ ಬಂದರಿಗೆ ಫೋನ್ ಮಾಡಿದ. ಕಂಟೇನರ್ ಹೇರಿಕೊಂಡ ಹಡಗು ಭಾನುವಾರವೇ ಹೊರಟಿತ್ತು. ಮೊದಲಾಗಿದ್ದರೆ ಕಂಟೇನರ್ ಬಂದರಿನಲ್ಲಿ ವಾರಗಟ್ಟಲೆ ನಿಲ್ಲುತ್ತಿತ್ತು, ಈಗ ಎಲ್ಲ ಸರಳವಾಗಿದೆ ಎಂದು ಅಲ್ಲಿಯ ಅಧಿಕಾರಿ ಹೇಳಿದ. ಮುಂದಿನದನ್ನೂ ಅವನೇ ತಿಳಿಸಿದ: ಹಡಗು ಸೇರುವ ದೇಶಕ್ಕೂ ನಮಗೂ ಒಪ್ಪಂದವಿದೆ; ನಮ್ಮವರು ನಂಬಿದ ಕಂಪನಿಯನ್ನು ಅವರೂ ನಂಬುತ್ತಾರೆ, ತೆರೆದು ನೋಡುವುದಿಲ್ಲ. ಹಡಗಿನಲ್ಲಿ ಒಂದರ ಮೇಲೊಂದು ಪೇರಿಸಿದ್ದನ್ನು ಸಮುದ್ರದಲ್ಲಿ ತೆರೆಯಲಾಗದು; ಅಲ್ಲಿ ತೆರೆಯಿಸಬೇಕಾದರೆ ದೆಹಲಿಯ ಮೂಲಕ ಬರೆಯಬೇಕು. ಸೋಮಶೇಖರ ಬರೆದ.

ಮಂಗಳವಾರ ಸಂಜೆ ಮುಕುಂದನನ್ನು ಬಂಧಿಸಲಾಯಿತು. ಅವನು ಒಪ್ಪಿಕೊಂಡ: ಫರಶಿಯ ಪೆಟ್ಟಿಗೆಗಳು ಅಲುಗದಂತೆ ಬೀರಣ್ಣ ಅವುಗಳ ಹಿಂದೆ ಬೆಣೆ ಬಡಿಯಲು ಹೋಗಿದ್ದ. ತಾನು ನೋಡದೆ ಬಾಗಿಲು ಹಾಕಿದ್ದು ತಪ್ಪಿನಿಂದ.

"ದೇವಿದಾಸನ ಫೋನ್ ಬಂದಾಗ ಚಪ್ಪಲಿ ನೋಡಿದ್ಯೇನು?" ಸೋಮಶೇಖರ ಕೇಳಿದ.

"ನೋಡಿದ್ದೆ ರೀ."

"ಮತ್ತ?"

"ಸೀಲ್ ಒಡದ್ರ ಮಾನ್ಯತಾ ಹೋಗ್ತದ ಅಂತ ಅಂಜಿದೆ. ಮರುದಿನ ಮುಂಜಾನಿ ಚಪ್ಪಲಿ ತೆಗೀಬೇಕಂತ ಹೋದೆ. ಕೈ ಬರಲಿಲ್ರಿ."

ಹಿಂದಿನ ಸೂಪರ್‌ವೈಸರನನ್ನು ದಾರಿಯಲ್ಲಿ ಒಡೆದ ಒಂದು ಸೀಲಿಗಾಗಿ ಕೆಲಸದಿಂದ ತೆಗೆದಿದ್ದರು. ಆ ಕುರ್ಚಿಯಲ್ಲಿ ಮುಕುಂದ ಕೂತಿದ್ದ. ಅವನಿಗೆ ಬೀರಣ್ಣನ ಮೇಲೆ ಯಾವ ದ್ವೇಷವೂ ಇರಲಿಲ್ಲ.

ಮಂಗಲಾ ಮತ್ತೆ ಠಾಣೆಗೆ ಬಂದಳು. ದೆಹಲಿಯಿಂದ ಉತ್ತರ ಬಂದಿರಲಿಲ್ಲ.

"ಅಲ್ಲಿ ತೆರೀತಾರೇನ್ರಿ?"

ಸೋಮಶೇಖರ ಗೊತ್ತಿಲ್ಲವೆಂದ.

"ಹಂಗಾದರ ಚಪ್ಪಲಿಯರ ಕೊಡ್ರಿ. ನನ್ನ ಹತ್ರ ಮತ್ತೇನೂ ಇಲ್ಲ."

ಅವು ಸಾಕ್ಷ್ಯದ ವಸ್ತು. ಬಟ್ಟೆಯಲ್ಲಿ ಹೊಲಿದು ಅರಗಿನ ಸೀಲ್ ಹಾಕಿಟ್ಟಿದ್ದರು. ನ್ಯಾಯಾಲಯ ಹೇಳುವವರೆಗೆ ಅದನ್ನು ಒಡೆಯುವ ಅಧಿಕಾರ ಅವನಿಗಿರಲಿಲ್ಲ.