ಬೆಲ್ಲದ ಪಾಕದ ರಮ್ಮು

ಪಾರಮ್ಮ ಸಿರುಗುಪ್ಪದ ತವರಿನಿಂದ ಸಂಜೆ ಬಸ್ಸಿಗೆ ಬಳ್ಳಾರಿಗೆ ಮರಳಿದಾಗ ಮನೆಯ ಬಾಗಿಲು ಹಾರುಹೊಡೆದಿತ್ತು. ನಡುಮನೆಯಲ್ಲಿ ಗಂಡ ಚಂದ್ರಣ್ಣ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲಿ ರೇಷನ್ ಸಕ್ಕರೆ ಡಿಪೋ ನಡೆಸುವ ಗೆಳೆಯ ಮರಿಬಸಪ್ಪ. ಅವನದೂ ಅದೇ ಗತಿ. ಒಳಗೆ ಬೀರು ತೆರೆದಿತ್ತು. ಬಂಗಾರದ ಡಾಬು ಮಾಯ!

ಎಚ್ಚರವಾಗಿದ್ದವನು ಅಡುಗೆಯ ದುರುಗಪ್ಪ ಒಬ್ಬನೇ. ಹಿಂದೆ ದಂಡಿನ ದೊರೆಗಳ ಬಂಗಲೆಯಲ್ಲಿ ಬಟ್ಲರ್ ಆಗಿದ್ದವನು. ಮಧ್ಯಾಹ್ನ ಹಣ್ಣಿನ ರಸಕ್ಕೆ ರಮ್ಮು ಬೆರೆಸಿ ಪಂಚ್ ಮಾಡಿಕೊಟ್ಟವನೂ ಅವನೇ.

"ಹತ್ತು ವರ್ಷ ಬೀಗದಕೈ ನಿನ್ನ ಕೈಯಾಗ ಕೊಟ್ಟಿದ್ನಲ್ಲೋ!" ಪಾರಮ್ಮ ಅವನ ಸೊಂಟದ ಗೊಂಚಲು ಕಿತ್ತುಕೊಂಡಳು. ಪೊಲೀಸರು ಬೇಡಿ ಹಾಕಿದಾಗಲೂ ದುರುಗಪ್ಪನಿಗೆ ಅಷ್ಟು ನೋವಾಗಲಿಲ್ಲ.

*

೧೯೪೪ರ ಏಪ್ರಿಲ್. ಲಾಕಪ್ಪಿನಲ್ಲಿ ಕುದಿಯುವ ಸೆಕೆ. ಸಬ್ ಇನ್‌ಸ್ಪೆಕ್ಟರ್ ಚಿದಾನಂದಪ್ಪ ಹುಟ್ಟಿದಾಗಿನಿಂದ ಹೆಂಡದ ವಾಸನೆಗೂ ಹೋದವನಲ್ಲ. ಆದರೆ ಪ್ರಶ್ನೆ ಕೇಳುವುದೆಂದರೆ ಅವನಿಗೆ ಊಟಕ್ಕಿಂತ ಇಷ್ಟ.

"ಚಂದ್ರಣ್ಣಗ ಅಫೀಮು ಹಾಕ್ಯಾರ ಅಂತ ಡಾಕ್ಟರ್ ಹೇಳ್ಯಾರ. ನೀನ ಹಾಕಿದ್ದೇನು?"

"ಇಲ್ರಿ ಸಾಹೇಬ್ರ. ಜಗ್ಗಿನಾಗ ಉಳಿದಿದ್ದು ನಾನ ಕುಡಿದೀನಿ. ನಿದ್ದಿ ಬಂದಿಲ್ಲ, ಇನ್ನೂ ಬರವಲ್ದು."

"ಹೆಂಗ ಮಾಡಿದಿ? ಒಂದೂ ಬಿಡದಂಗ ಹೇಳು."

ದುರುಗಪ್ಪನ ಕಣ್ಣು ಮೊದಲ ಸಲ ಮಿನುಗಿತು. "ಅನಾನಸ್ ಜಜ್ಜಿ ಅರಿವ್ಯಾಗ ಹಿಂಡಿದೆ. ಮೋಸಂಬಿ ರಸ, ನಿಂಬಿ ರಸ ಕೂಡಿಸಿದೆ. ಬೆಲ್ಲದ ಪಾಕ ಸೋಸಿ ಹಾಕಿದೆ. ಎರಡು ಪಾಲು ರಸಕ್ಕ ಒಂದು ಪಾಲು ರಮ್ಮು. ಐಸ್ ಹಾಕಿ ಕುಲುಕಿದೆ. ಮ್ಯಾಲೆ ಜಾಜಿಕಾಯಿ ಪುಡಿ. ಜಗ್ಗು, ಮೂರು ಖಾಲಿ ಗ್ಲಾಸು ಒಳಗಿಟ್ಟು, ಇನ್ನಷ್ಟು ಐಸ್ ತರಾಕ ಸ್ಟೇಷನ್ ಕಡೆ ಹೋದೆ. ಬರೋದ್ರಾಗ ಎರಡು ತಾಸು ಆತು, ಇಬ್ರೂ ಮಲಗಿದ್ರು. ಗ್ಲಾಸು ತೊಳೆದು ಬೋರಲು ಹಾಕಿತ್ರಿ. ನಾನಂತೂ ತೊಳೆದಿಲ್ಲ."

"ಪಾಕಕ್ಕ ಬೆಲ್ಲ ಯಾಕ?"

"ಸಕ್ಕರಿ ಎಲ್ಲೈತ್ರಿ? ಹದಿನೈದು ದಿನ ಆತು, ಮನ್ಯಾಗ ಒಂದು ಚಿಟಿಕಿ ಇಲ್ಲ."

ಮೂರನೆಯ ಗ್ಲಾಸು ಕುರುಗೋಡಿನ ಬೀಗರು ಗಾಳೆಪ್ಪನದು. ಕುಡಿದವನೇ ಬಸ್ಸು ಹತ್ತಿದ್ದ. ನಿದ್ದೆ ಅವನ ಹತ್ತಿರವೂ ಸುಳಿದಿರಲಿಲ್ಲ.

"ಹಂಗಾರ ಗಾಳೆಪ್ಪನೇ ಕಳ್ಳ ಬಿಡ್ರಿ," ಎಂದ ಕಾನ್ಸ್ಟೇಬಲ್.

*

ಕುರುಗೋಡಿನಲ್ಲಿ ಗಾಳೆಪ್ಪ ಕಟ್ಟೆಯ ಮೇಲೆ ಆರಾಮವಾಗಿ ಕೂತಿದ್ದ. ವಿಚಿತ್ರ ಮಡಿವಂತ. ರಮ್ಮು ಕುಡಿದರೆ ಮಡಿ ಕೆಡುವುದಿಲ್ಲ, ಗ್ಲಾಸು ತುಟಿಗೆ ತಾಗಿದರೆ ಕೆಡುತ್ತದೆ!

"ನಾನೂ ಕುಡಿದೀನ್ರಿ, ಎತ್ತಿ. ಯಾರೋ ಗ್ಲಾಸಿನ ಅಂಚಿಗೆ ಸುತ್ತಲೂ ಸಕ್ಕರಿ ಸವರಿದ್ರು. ಯಾರ ಬೆರಳು ತಾಗಿತ್ತೋ ಏನೋ! ಶಲ್ಯದಿಂದ ಒರಿಸಿ ಕುಡಿದೆ."

"ಶಲ್ಯ ಒಗಿಸೀರೇನು?"

"ಅಲ್ಲೇ ಗೂಟಕ್ಕ ಐತ್ರಿ."

ಶಲ್ಯದ ತುದಿ ಗಟ್ಟಿಯಾಗಿತ್ತು. ಚಿದಾನಂದಪ್ಪ ನಾಲಿಗೆಗೆ ಹಚ್ಚಿದ. ಮೊದಲು ಸಿಹಿ, ಆಮೇಲೆ ಕಹಿ. ಥೂ ಎಂದು ಉಗಿದ.

"ಗ್ಲಾಸಿಗೆ ಬಗ್ಗಿಸಿ ಕೊಟ್ಟೋರು ಯಾರು?"

ಉತ್ತರ ಕೇಳಿ ಇನ್‌ಸ್ಪೆಕ್ಟರ್ ಮೀಸೆಯಡಿ ನಕ್ಕ.

*

ಮರುದಿನ ಅಂದು ಕುಡಿದ ಮೂವರನ್ನೂ ಚಂದ್ರಣ್ಣನ ನಡುಮನೆಯ ಅವೇ ಕುರ್ಚಿಗಳಲ್ಲಿ ಕೂರಿಸಿದ. ಲಾಕಪ್ಪಿನಿಂದ ಕರೆತಂದ ದುರುಗಪ್ಪ ಮತ್ತೆ ಪಂಚ್ ಕುಲುಕಿದ. ಇನ್‌ಸ್ಪೆಕ್ಟರ್ ಒಂದು ಪೊಟ್ಟಣ ಬಿಚ್ಚಿದ.

"ಟೇಬಲ್ ಕೆಳಗ ಸಿಕ್ತು. ಅವತ್ತು ಉಳಿದ ಸಕ್ಕರಿ. ರೇಷನ್ ಕಾಲ, ಚೆಲ್ಲಬಾರದು. ಅಂಚಿಗೆ ಸವರಪ್ಪ, ದುರುಗಪ್ಪ."

ಚಂದ್ರಣ್ಣ ಒಂದೇ ಗುಟುಕಿಗೆ ಅರ್ಧ ಇಳಿಸಿದ. ಗಾಳೆಪ್ಪ ಅಂಚು ಒರೆಸಿ, ಎತ್ತಿ ಕುಡಿದ. ಮರಿಬಸಪ್ಪ ಗ್ಲಾಸನ್ನೇ ದಿಟ್ಟಿಸಿದ. ಕರವಸ್ತ್ರ ತೆಗೆದು ಅಂಚನ್ನು ಸುತ್ತಲೂ ಒರೆಸಿದ. ಇನ್ನೊಮ್ಮೆ ಒರೆಸಿದ.

"ಯಾಕ್ರಿ ಒರಿಸಿದ್ರಿ?"

"ನಂದೂ... ಮಡಿರಿ."

ಚಂದ್ರಣ್ಣ ಗಹಗಹಿಸಿ ನಕ್ಕ. "ಲೇ ಮರಿಬಸಪ್ಪ, ನನ್ನ ಎಂಜಲ ಬೀಡಿ ಸೇದಾಂವ ನೀನು. ನಿಂದ್ಯಾತರ ಮಡಿಲೇ?"

ನಗು ಅರ್ಧಕ್ಕೇ ನಿಂತಿತು. ಅವನಿಗೂ ಅರ್ಥವಾಗಿತ್ತು.

"ಹೆದರಬ್ಯಾಡ್ರಿ, ಆ ಸಕ್ಕರಿ ನಮ್ಮನಿದು," ಎಂದ ಚಿದಾನಂದಪ್ಪ. "ಜಗ್ಗಿನಾಗ ಅಫೀಮು ಇದ್ದಿದ್ರ ದುರುಗಪ್ಪನೂ ಮಲಗ್ತಿದ್ದ. ಅದು ಇದ್ದಿದ್ದು ಅಂಚಿನ ಸಕ್ಕರ್ಯಾಗ. ಸಕ್ಕರಿನ ಇಲ್ಲದ ಮನಿಗೆ ಅದನ್ನ ತಂದೋರು ಯಾರು? ಡಿಪೋದೋರು. ಬಗ್ಗಿಸಿ ಕೊಟ್ಟೋರು ಯಾರು? ಅವರ. ಉಳಿದಿಬ್ರೂ ಮಲಗಿದ ಮ್ಯಾಲೆ ಕದಿಯೋದು ನಿಮ್ಮ ಲೆಕ್ಕ. ಗಾಳೆಪ್ಪ ಮಲಗಲಿಲ್ಲ, ಆದ್ರ ನಿಮ್ಮ ಪುಣ್ಯಕ್ಕ ಬಸ್ಸಿಗೆ ಹೋದ. ಚಂದ್ರಣ್ಣನ ಕಿಸೆದಾಗಿದ್ದ ಇನ್ನೊಂದು ಬೀಗದಕೈಲೆ ಬೀರು ತೆಗೆದು, ಡಾಬು ಡಿಪೋದಾಗ ಇಟ್ಟು ಬಂದು, ಗ್ಲಾಸು ತೊಳೆದು ಸುಳ್ಳ ಗೊರಕಿ ಹೊಡೆದ್ರಿ. ಎಲ್ಲಾ ತೊಳೆದ್ರಿ, ಗಾಳೆಪ್ಪನ ಶಲ್ಯ ಒಂದು ಬಿಟ್ಟು!"

ಮರಿಬಸಪ್ಪನ ಕೈಯಿಂದ ಗ್ಲಾಸು ಜಾರಿ ಚೂರಾಯಿತು. ಅದೇ ಹೊತ್ತಿಗೆ ಕಾನ್ಸ್ಟೇಬಲ್ ಏದುಸಿರು ಬಿಡುತ್ತಾ ಒಳಬಂದ. ಡಿಪೋದ ಮೂಲೆಯ ಮೂಟೆಯಿಂದ ತೆಗೆದ ಡಾಬಿನ ಸಂದುಸಂದಿನಲ್ಲೂ ಸಕ್ಕರೆ ಮೆತ್ತಿತ್ತು.

ಪಾರಮ್ಮ ಡಾಬಿನ ಕಡೆ ನೋಡಲೇ ಇಲ್ಲ. ನೇರವಾಗಿ ದುರುಗಪ್ಪನ ಹತ್ತಿರ ಬಂದು ಬೀಗದಕೈ ಗೊಂಚಲು ಚಾಚಿದಳು.

"ತಪ್ಪಾತಪ್ಪ, ದುರುಗಪ್ಪ. ಇಸ್ಕೋ."

ದುರುಗಪ್ಪ ಕೈ ಒರೆಸಿಕೊಂಡ. ಗೊಂಚಲನ್ನು ಸೊಂಟಕ್ಕೆ ಸಿಗಿಸಿ, ಎಲ್ಲರಿಗೂ ಕೇಳುವಂತೆ ಒಮ್ಮೆ ಝಣ್ಣೆನ್ನಿಸಿದ. ಅವನ ಕಣ್ಣು ತುಂಬಿತ್ತು, ಎದೆ ಮಾತ್ರ ದೊರೆಯಂತೆ ಸೆಟೆದಿತ್ತು.

"ಸಾಹೇಬ್ರ, ನಿಮಗೂ ಒಂದು ಗ್ಲಾಸ್ ಮಾಡ್ತೀನ್ರಿ. ರಮ್ಮು ಹಾಕಂಗಿಲ್ಲ, ಬೆಲ್ಲ ಮಾತ್ರ ಜಾಸ್ತಿ."