ಸೊಂಟಕ್ಕೇ ಸಿಕ್ಕಿಸಿಕೊಂಡ ಹುಕ್

"ಬೆಲ್ಟ್ ಹಾಕ್ಕೊಂಡೇ ಹತ್ತವ್ನಲ್ಲ ಮೇಡಂ, ಇನ್ನೇನಾಗ್ಬೇಕು ನಿಮ್ಗೆ?" ಮೇಸ್ತ್ರಿ ಹನುಮಂತರಾಯಪ್ಪ ನಕ್ಕರು.

ಅರ್ಪಿತ ನಗಲಿಲ್ಲ. ದೊಡ್ಡಬಳ್ಳಾಪುರದ ಹೊರಗೆ ಏಳುತ್ತಿದ್ದ ಆ ಗೋಡೌನ್‌ಗೆ ಅವಳೇ ಸೇಫ್ಟಿ ಆಫೀಸರ್. ನಲವತ್ತು ಅಡಿ ಮೇಲೆ, ಸೂರಿನ ಅಂಚಿನಲ್ಲಿ ಬಗ್ಗಿ ಶೀಟಿಗೆ ಸ್ಕ್ರೂ ಹಾಕುತ್ತಿದ್ದವನು ದೇವರಾಜ್.

ಬೆಲ್ಟ್ ಇತ್ತು. ಆದರೆ ಅದರ ಹುಕ್...

ಸೂರಿನುದ್ದಕ್ಕೂ ಬಿಗಿದಿದ್ದ ಉಕ್ಕಿನ ಹಗ್ಗಕ್ಕಲ್ಲ, ಅವನದೇ ಸೊಂಟದ ಬೆಲ್ಟಿನ ಬಳೆಗೆ ಸಿಕ್ಕಿಕೊಂಡಿತ್ತು! ಹಗ್ಗವನ್ನು ಸೂರಿಗೆ ಬಿಗಿದ ಕೊಂಡಿ ಅಡ್ಡ ಬಂದಾಗಲೆಲ್ಲ ಹುಕ್ ಬಿಚ್ಚಿ ಆಚೆ ಹಾಕುವ ಬೇಸರಕ್ಕೆ ಶೀಟಿನವರು ಆಡುವ ಕಳ್ಳಾಟ. ಕೆಳಗಿದ್ದವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅವಳ ಕಣ್ಣಿಗಲ್ಲ.

'ಕೂಗಲಾ? ಬೆಚ್ಚಿ ತಿರುಗಿದರೆ?...'

"ಯಾರೂ ಕೂಗ್ಬೇಡಿ," ಎಂದವಳೇ ತನ್ನ ಬೆಲ್ಟ್ ಬಿಗಿದುಕೊಂಡು ಏಣಿ ಹಿಡಿದಳು.

ಹೋದ ವಾರ ಕ್ಯಾಂಟೀನಿನಲ್ಲಿ ಟೀ ಲೋಟ ತಿರುಗಿಸುತ್ತಾ ದೇವರಾಜ್ ಕೇಳಿದ್ದ, "ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?" ಅವಳು ಮಾತಾಡದೆ ಎದ್ದು ಬಂದಿದ್ದಳು. ಅಂದಿನಿಂದ ಅವನು ಅವಳ ಮುಖ ನೋಡಿರಲಿಲ್ಲ.

ಸೂರು ಮುಟ್ಟಿದವಳೇ ತನ್ನ ಹುಕ್ ಹಗ್ಗಕ್ಕೆ ಸಿಕ್ಕಿಸಿ, ಒಮ್ಮೆ ಜಗ್ಗಿ ನೋಡಿ, ಉಸಿರು ಹಿಡಿದು ನಡೆದಳು. ಹತ್ತು ಹೆಜ್ಜೆ... ಐದು... ಎರಡು...

"ಲೇ ದೇವರಾಜಾ! ಹುಕ್ಕು ಕಣ್ಲಾ!"

ಕೆಳಗಿದ್ದ ಹನುಮಂತರಾಯಪ್ಪನವರಿಗೆ ಆಗಷ್ಟೇ ಕಂಡಿತ್ತು!

ದೇವರಾಜ್ ಬೆಚ್ಚಿ ತಿರುಗಿದ. ಕಾಲು ಜಾರಿತು!

ಅವಳು ಮುಂದಕ್ಕೆ ಬಿದ್ದು ಅವನ ಬೆಲ್ಟಿನ ಬೆನ್ನಪಟ್ಟಿ ಹಿಡಿದಳು. ಅವನ ಒಂದು ಕಾಲು ಅಂಚಿನಾಚೆ, ಗಾಳಿಯಲ್ಲಿ...

"ಬಿಡ್ರೀ! ನೀವೂ ಬೀಳ್ತೀರ!"

"ನಾನು ಬೀಳಲ್ಲ. ನಾನು ಹುಕ್ ಹಾಕಿದೀನಿ! ಮೊಣಕಾಲು ಊರಿ... ಮೆಲ್ಲಗೆ..."

ಇಂಚಿಂಚಾಗಿ ಅವನು ಮೇಲೆ ಬಂದ. ಅವನ ಹುಕ್ ಬಿಚ್ಚಿ ಹಗ್ಗಕ್ಕೆ ಹಾಕಿದಳು. 'ಟಕ್' ಎಂದಿದ್ದೇ ತಡ, ಅವಳು ತಡೆದಿದ್ದ ಅಳು ಒಡೆಯಿತು.

"ಯಾರ ಮೇಲೆ ಈ ಸಿಟ್ಟು?" ಅಳುತ್ತಲೇ ಕೇಳಿದಳು.

"ಸಿಟ್ಟಲ್ಲ... ಶೀಟ್ ಹೊಡೆಯೋನು ನಿಮಗೆ ಸಾಟಿಯಲ್ಲ ಅಂತ ತಾನೆ ಎದ್ದೋಗಿದ್ದು? ಬೇಗ ಮುಗಿಸಿ ಈ ಸೈಟೇ ಬಿಟ್ಟೋಗೋಣ ಅಂತ..."

"ಅಯ್ಯೋ, ನಿಮ್ ಬುದ್ಧಿಗಿಷ್ಟು! ಹೂಂ ಅನ್ನೋ ಮಾತು ಬಾಯಿವರ್ಗೂ ಬಂದಿತ್ತು ಕಣ್ರೀ. ದಿನಾ ಸಂಜೆ ನೀವು ಇಳಿದು ಬರೋವರ್ಗೂ ನಾನು ಹೆಂಗಿರ್ಲಿ ಅಂತ ಭಯ ಆಗೋಯ್ತು!"

ಅವನು ಹಗ್ಗಕ್ಕೆ ಹಾಕಿದ್ದ ತನ್ನ ಹುಕ್ ಒಮ್ಮೆ ಜಗ್ಗಿ ನೋಡಿದ.

"ಇನ್ಮೇಲೆ ಒಂದು ಹೆಜ್ಜೆನೂ ಹುಕ್ ಇಲ್ದೆ ಇಡಲ್ಲ. ನಿಮ್ಮಾಣೆ."

"ಆಣೆ ಬೇಡ. ಮೂರು ದಿನ ಸೈಟಿಗೆ ಬರೋ ಹಾಗಿಲ್ಲ. ಬರೆದು ಹಾಕ್ತೀನಿ."

"ಹಾಕಿ. ರಜಾ ಸಿಕ್ತಲ್ಲ, ನಾಳೆನೇ ಅಮ್ಮನ್ನ ಕರ್ಕೊಂಡು ಬರ್ತೀನಿ!"

ಅವಳು ಕಣ್ಣೊರೆಸಿಕೊಂಡಳು. "ನಮ್ಮೂರು ತೂಬಗೆರೆಗೆ... ಹತ್ತೂವರೆಗೆ ಒಂದು ಬಸ್ಸಿದೆ."

ಅವನೇ ಮೊದಲು ಇಳಿದ. ಹಿಂದೆಯೇ ಇಳಿಯಹೊರಟ ಅವಳ ಕಾಲು, ಏಣಿಯ ಮೆಟ್ಟಿಲು ಸಿಗದೆ ತಡಕಾಡಿತು. ಕೆಳಗಿನಿಂದ ಒಂದು ಕೈ ಮೇಲೆ ಬಂದು, ಅವಳ ಶೂ ಹಿಡಿದು, ಮೆಟ್ಟಿಲ ಮೇಲೆ ಇಟ್ಟಿತು.