ಅಯ್ಯಯ್ಯೋ ತಿರುವು

"ಗಿರಣಿ! ಗಿರಣಿ ಇಳಿಯೋರು ಬನ್ರೀ!"

ಕಂಡಕ್ಟರ್ ಹುಡುಗಿಯ ಕೂಗಿಗೆ ಹತ್ತು ಜನ ಇಳಿದರು. ಕುತ್ತಿಗೆಗೆ ಅಳತೆಯ ಟೇಪು ನೇತುಹಾಕಿಕೊಂಡಿದ್ದ ಹೊಸಬ ಮಾತ್ರ ಕಿಟಕಿಯಾಚೆ ಕಣ್ ಕಣ್ ಬಿಡುತ್ತ ಕೂತೇ ಇದ್ದ. ಬಸ್ಸು ಹೊರಟ ಮೇಲೆ ದಡಕ್ಕನೆ ಎದ್ದ.

"ಮೇಡಂ, ನಾನು ಗಿರಣಿಗೆ ಇಳೀಬೇಕಿತ್ತು! ಎಲ್ರೀ ಗಿರಣಿ?"

"ಅದನ್ನ ಕೆಡವಿ ಇಪ್ಪತ್ತು ವರ್ಷ ಆಯ್ತು."

"ಮತ್ತೆ ಕೂಗಿದ್ದು?!"

"ಇಳಿಯೋರಿಗೆ ಗೊತ್ತಿರತ್ತೆ ಬಿಡಿ."

ಇಡೀ ಬಸ್ಸು ನಕ್ಕಿತು. ಅವನೂ ನಕ್ಕ. ಆ ನಗು ನೋಡಿ ಅವಳು ಒಬ್ಬರಿಗೇ ಎರಡು ಟಿಕೆಟ್ ಹರಿದಳು...

ನಿಲ್ದಾಣಗಳನ್ನು ಅಳೆಯಲು ಸಾರಿಗೆ ಕಚೇರಿ ಕಳಿಸಿದವನು. ಊರು ಅವನಿಗೆ 'ಅಳತೆಪಟ್ಟಿ' ಎಂದು ಹೆಸರಿಟ್ಟಿತು. ದಿನಾ ಅದೇ ಬಸ್ಸು, ದಿನಾ ಪ್ರಶ್ನೆ. ಅವಳೂ ಹೇಳಿದ್ದೇ ಹೇಳಿದ್ದು! ಗಿರಣಿಯ ಸೈರನ್ನಿಗೇ ಊರು ಏಳುತ್ತಿದ್ದುದು. ಗಿರಣಿ ಮುಚ್ಚಿ, ಕೆಲಸ ಹೋದವರು ಕೂತು ಕೂತು ಊರಕಟ್ಟೆ 'ಸೋಮಾರಿ ಕಟ್ಟೆ' ಆದದ್ದು. ಆ ಸೋಮಾರಿಗಳೇ ಸೇರಿ ಶಾಲೆ ಕಟ್ಟಿದ್ದು.

ನಗರ ಬೆಳೆದು ಬಂದು ಊರನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಿತ್ತು. ಹಳೆಯದರಲ್ಲಿ ಉಳಿದಿದ್ದು ಹೆಸರುಗಳಷ್ಟೇ. ಮೂವತ್ತು ವರ್ಷ ಕಂಡಕ್ಟರಾಗಿ ಅವನ್ನು ಕೂಗಿ ಉಳಿಸಿದವರು ಅವಳ ಅಪ್ಪ. ಈಗ ಅವರಿಗೆ ಕಣ್ಣಿಲ್ಲ. ಮಗಳ ಕೂಗಿನಲ್ಲೇ ಊರು ಕಾಣುವುದು.

ಒಂದು ಬೆಳಿಗ್ಗೆ ಡಿಪೋದ ಗೋಡೆಯ ಮೇಲೆ ಆದೇಶ: 'ಹೊಸ ಬಸ್ಸಿನಲ್ಲಿ ಯಂತ್ರವೇ ಘೋಷಿಸುವುದು. ನಿಲ್ದಾಣ ಒಂದು, ಎರಡು, ಮೂರು...' ಕೆಳಗೆ ಅಳತೆಪಟ್ಟಿಯ ಸಹಿ! ಅವನು ಬಸ್ಸು ಹತ್ತಲು ಬಂದಾಗ ಅವಳು ಬಾಗಿಲಿಗೇ ಅಡ್ಡ ನಿಂತಳು.

"ಕಥೆ ಕೇಳ್ತಾ ಕೇಳ್ತಾ ಕತ್ತು ಕೊಯ್ದ್ರಲ್ಲ!"

"ಒಂದ್ನಿಮಿಷ ಕೇಳಿ..."

ಕೇಳಲಿಲ್ಲ. ಸೀಟಿ ಊದಿದಳು. ಬಸ್ಸು ಅವನನ್ನು ಧೂಳಲ್ಲಿ ಬಿಟ್ಟು ಹೋಯಿತು. ಅವಳ ಕಣ್ಣು ಮಾತ್ರ ಹಿಂದಿನ ಗಾಜಿನಲ್ಲೇ ಉಳಿಯಿತು...

ತಿಂಗಳಾಯಿತು. ಹೊಸ ಬಸ್ಸಿನ ಮೊದಲ ದಿನ. ಮುಂದಿನ ಸೀಟಿನಲ್ಲಿ ಅಪ್ಪ. ಅವಳಿಗೆ ಒಂದೇ ಚಿಂತೆ: ಯಂತ್ರ 'ನಿಲ್ದಾಣ ಒಂದು' ಅಂದರೆ ಅಪ್ಪನಿಗೆ ಏನು ಹೇಳಲಿ?

ಯಂತ್ರ ಗಂಟಲು ಬಿಚ್ಚಿತು.

"ಮುಂದಿನ ನಿಲ್ದಾಣ... ಸೋಮಾರಿ ಕಟ್ಟೆ."

ಅವಳ ಸೀಟಿ ಕೈಜಾರಿತು.

"ಮುಂದಿನ ನಿಲ್ದಾಣ... ಅಯ್ಯಯ್ಯೋ ತಿರುವು!"

ಬಸ್ಸು ತಿರುಗಿತು. ಎಲ್ಲರೂ ಒಬ್ಬರ ಮೇಲೊಬ್ಬರು ವಾಲಿ, ಅಜ್ಜಂದಿರ ಕಾಲದಿಂದ ಕೂಗಿದಂತೆಯೇ ಕೂಗಿದರು: "ಅಯ್ಯಯ್ಯೋ!" ಶಿಳ್ಳೆ, ಚಪ್ಪಾಳೆ, ನಗು!

"ಅಪ್ಪಾ, ಇದು ಹೇಗೆ..."

"ಅವನು ಸಹಿ ಹಾಕಿದ್ದು ಅಳತೆಗೆ, ನಂಬರು ಹಾಕಿದ್ದು ಆಫೀಸಿನೋರು ಪುಟ್ಟಿ. ಪಾಪ, ನೀನು ಹೇಳಿದ ಕಥೆಯೆಲ್ಲ ಬರ್ಕೊಂಡು ಮನೆಮನೆಗೆ ಹೋಗಿ ಸಹಿ ಹಾಕಿಸ್ದ. ಸಾಹೇಬ್ರ ಮುಂದೆ ಗುದ್ದಾಡಿ ಗೆದ್ದ. ನಾನೇ ಮೊದಲ ಹೆಬ್ಬೆಟ್ಟು!"

"ನನಗ್ಯಾಕೆ ಹೇಳ್ಲಿಲ್ಲ?"

"ಗೆಲ್ಲೋವರೆಗೂ ಹೇಳೋದು ಬೇಡ, ಅವರು ಮತ್ತೆ ಸೀಟಿ ಊದಿಬಿಡ್ತಾರೆ ಅಂದ!"

"ಮುಂದಿನ ನಿಲ್ದಾಣ... ಗಿರಣಿ."

ಇಲ್ಲದ ಗಿರಣಿಯ ಮುಂದೆ ಅವನು ನಿಂತಿದ್ದ. ಹತ್ತಿದ. ಅವಳ ಕಣ್ಣು ತುಂಬಿತ್ತು.

"ಸಾರಿ ರೀ... ಎಲ್ಲಿಗೆ ಕೊಡ್ಲಿ?"

"ನೀವೆಲ್ಲಿ ಇಳೀತೀರೋ ಅಲ್ಲಿಗೆ."

"ನಮ್ಮನೆ ಕೊನೇ ಸ್ಟಾಪು."

"ಅಲ್ಲಿಗೇ ಕೊಡಿ."

"ವಾಪಸ್ ಟಿಕೆಟ್ಟು?"

"ಬೇಡ... ನೀವು ಹೂಂ ಅಂದ್ರೆ."

ಅವಳು ಒಂದೇ ಟಿಕೆಟ್ ಹರಿದು ಅವನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದಳು.

"ಹೂಂ."

ಮುಂದಿನ ಸೀಟಿನಿಂದ ಹಳೇ ಕಂಡಕ್ಟರ್ ಗಂಟಲೆತ್ತಿ ಕೂಗಿದರು:

"ರೈಟ್, ಹೋಗ್ಲೀ!"